ಅತ್ತೆಯ ಎಡಗಣ್ಣು, ಅತ್ತೆಯ ಮಾತು

ಆ ದಿನ ಬೆಳಿಗ್ಗೆ ಬಾವಿಯಿಂದ ನೀರು ಸೇದಿದ್ದಾಯಿತು. ದೇವರ ಪಾತ್ರೆಗಳನ್ನು ಹುಣಸೆಹಣ್ಣು ಹಚ್ಚಿ ಬೆಳಗಿದ್ದಾಯಿತು. ಹಿತ್ತಲಲ್ಲಿ ಚಾಪೆ ಹಾಸಿ ತೊಗರಿಬೇಳೆ ಹರವಿದೆವು, ಹತ್ತಿ ಬಿಡಿಸಿ ಬತ್ತಿ ಹೊಸೆದೆವು, ಉಪ್ಪಿನಕಾಯಿ ಭರಣಿಯ ಬಾಯಿಗೆ ಹೊಸ ಅರಿವೆ ಕಟ್ಟಿದೆವು. ಬೇಳೆಯಲ್ಲಿ ಕಲ್ಲು ನೋಡುವುದು ಅತ್ತೆಯ ಕೆಲಸ. ಒಂದು ಹಿಡಿ ಬೇಳೆಯನ್ನು ಅಂಗೈಯಲ್ಲಿ ಹರವಿಕೊಂಡು, ಇನ್ನೊಂದು ಕೈಯ ಹೆಬ್ಬೆರಳಿನಿಂದ ಎಡಗಣ್ಣಿನ ರೆಪ್ಪೆಯನ್ನು ಮೇಲಕ್ಕೆತ್ತಿದಳು. ಆ ರೆಪ್ಪೆ ತಾನಾಗಿ ಏಳುತ್ತಿರಲಿಲ್ಲ. ಎತ್ತಿದರೆ ಒಳಗಿನ ಗುಡ್ಡೆ ಕಿವಿಯ ಕಡೆ ಸರಿದು ನಿಂತಿರುತ್ತಿತ್ತು. ಅದರ ಪಾಪೆ ಬಿಸಿಲಿನಲ್ಲೂ ಕತ್ತಲೆಯಲ್ಲಿದ್ದಂತೆ ಅರಳಿರುತ್ತಿತ್ತು.

"ಎರಡೂ ಕಣ್ಣು ತಗದ್ರ ಎಲ್ಲಾ ಎರಡೆರಡು ಕಾಣಸ್ತಾವ. ಒಂದು ಕಲ್ಲೂ ತಪ್ಪಿಸಿಕೊಳ್ಳೂದಿಲ್ಲ" ಎಂದಳು.

ಅತ್ತೆ ಎಂದರೆ ನನ್ನ ಅಪ್ಪನ ಅಕ್ಕ. ಎಳೆಯ ವಯಸ್ಸಿನಲ್ಲೇ ಗಂಡ ತೀರಿಕೊಂಡು ಸವಣೂರಿನ ನಮ್ಮ ಮನೆಗೆ ಬಂದವಳು. ಕೆಂಪು ಸೀರೆ, ಬೋಳಿಸಿದ ತಲೆಯ ಮೇಲೆ ಬಿಗಿಯಾದ ಸೆರಗು. ನನ್ನವ್ವ ಬಾಣಂತಿತನದಲ್ಲಿ ಹೋದಾಗ ನನ್ನನ್ನು ಎತ್ತಿಕೊಂಡವಳು ಇವಳೇ. ಮೊದಲ ಮಾತು ಕಲಿತದ್ದು ಇವಳಿಂದ, ಮೊದಲ ಬೈಗುಳವೂ ಇವಳಿಂದಲೇ. ಅಪ್ಪ ಸಂಸ್ಕೃತ ಓದಿದವರು, ಅವಶ್ಯಕತೆ ಇದ್ದಷ್ಟೇ ಮಾತನಾಡುವವರು. ಮನೆಯ ಉಳಿದ ಮಾತೆಲ್ಲ ಅತ್ತೆಯದು. ಒಲೆಯ ಜೊತೆ, ಬೆಕ್ಕಿನ ಜೊತೆ, ಬಾರದ ಮಳೆಯ ಜೊತೆ ಮಾತನಾಡುತ್ತಿದ್ದಳು.

ಹಿತ್ತಲ ಗೋಡೆಯಾಚೆ ಎಲೆಬಳ್ಳಿ ತೋಟದ ಸಾಹೇಬರ ಮನೆ. ಅವರ ಹೆಂಡತಿಯನ್ನು ಅತ್ತೆ ಬೀಬಿ ಎಂದು ಕರೆಯುತ್ತಿದ್ದಳು. ದೇವರ ಪೂಜೆಗೆ ಬೀಬಿ ನಿತ್ಯ ಎಲೆ ತಂದು ಗೋಡೆಯ ಮೇಲೆ ಇಡುವಳು, ಅತ್ತೆ ನೀರು ಚಿಮುಕಿಸಿ ತೆಗೆದುಕೊಳ್ಳುವಳು. ಜಗಳವಿಲ್ಲದೆ ಒಂದು ದಿನವೂ ಇದು ಮುಗಿದದ್ದಿಲ್ಲ.

"ಇದೇನ ಬೀಬಿ, ಎಲಿ ತುದಿ ಹರದದ. ನಿನ್ನ ಗಂಡ ಎಲಿ ಕೊಯ್ತಾನೋ, ಆಡಿಗೆ ಹಾಕಿ ಉಳದದ್ದು ಕಳಸ್ತಾನೋ?"

"ಆಡು ನಿಮ್ಮಷ್ಟ ಬಾಯಿ ಮಾಡೂದಿಲ್ರೀ ಅಕ್ಕಾರ. ಅದಕ್ಕ ಛಲೋ ಎಲಿ ಆಡಿಗೆ ಹಾಕ್ತೇನಿ."

ಮಹಾಯುದ್ಧದ ಕಾಲದಲ್ಲಿ ಒಂದು ಚಳಿಗಾಲ ಅತ್ತೆಗೆ ಎಡಗಣ್ಣಿನ ಹಿಂದೆ ನೋವು ಶುರುವಾಯಿತು. ಕೆಲವು ದಿನಗಳಲ್ಲಿ ರೆಪ್ಪೆ ಬಿದ್ದುಬಿಟ್ಟಿತು. ಶಿಗ್ಗಾಂವಿಯ ವೈದ್ಯರು ಲೇಪ ಕೊಟ್ಟರು, ಇಳಿಯಲಿಲ್ಲ. ಅಪ್ಪ ರೈಲು ಹತ್ತಿಸಿ ದೂರದ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದರು. ನಾನೂ ಹೋಗಿದ್ದೆ.

ಡಾಕ್ಟರರು ಕಣ್ಣಿಗೆ ದೀಪ ಹಿಡಿದು ನೋಡಿದರು. ತಲೆಯೊಳಗಿನ ರಕ್ತನಾಳವೊಂದು ಸೈಕಲ್ ಟ್ಯೂಬು ಒಂದೆಡೆ ಉಬ್ಬುವಂತೆ ಉಬ್ಬಿದೆ, ಕಣ್ಣಿನ ನರವನ್ನು ಒತ್ತುತ್ತಿದೆ, ಇನ್ನೂ ಒಡೆದಿಲ್ಲ ಎಂದರು. ತಲೆಬುರುಡೆ ತೆರೆದು ಅಂಥ ಉಬ್ಬಿಗೆ ಚಿಮಟ ಹಾಕುವ ಶಸ್ತ್ರಕ್ರಿಯೆಯನ್ನು ಸಮುದ್ರದಾಚೆ ಈಗೀಗ ಮಾಡುತ್ತಿದ್ದಾರಂತೆ, ಇಲ್ಲಿ ಅದು ಆಗದು.

"ತಲಿ ತಗದು ನೋಡೋದಾದ್ರ ನಿಮಗ ಒಂದು ಕೆಲಸ ಕಡಿಮಿ ಇತ್ರಿ ಡಾಕ್ಟರ್. ಬೋಳಿಸೋದು ಮೊದಲಽ ಮುಗದದ" ಎಂದಳು ಅತ್ತೆ. ಡಾಕ್ಟರರು ನಗಬೇಕೋ ಬೇಡವೋ ತಿಳಿಯದೆ ಅಪ್ಪನ ಕಡೆ ನೋಡಿದರು.

ಅವರಿಂದ ಆಗುವುದು ಒಂದೇ: ಕುತ್ತಿಗೆಯ ಎಡಗಡೆಯ ದೊಡ್ಡ ರಕ್ತನಾಳವನ್ನು ದಾರದಿಂದ ಕಟ್ಟುವುದು. ಕಟ್ಟಿದರೆ ಉಬ್ಬಿನ ಮೇಲಿನ ಒತ್ತಡ ಇಳಿಯುತ್ತದೆ. ಆದರೆ ಮಿದುಳಿನ ಆ ಅರ್ಧಕ್ಕೆ ರಕ್ತ ಬಲಗಡೆಯಿಂದ ಹರಿದು ಬರಬೇಕು. ಬರದಿದ್ದರೆ ಬಲಗೈ, ಬಲಗಾಲು ಬೀಳಬಹುದು, ಮಾತು ಹೋಗಬಹುದು.

"ತೋಟಕ್ಕ ಒಂದು ಕಾಲಿವಿ ಮುಚ್ಚಿದ್ರ ಇನ್ನೊಂದು ಕಾಲಿವಿ ನೀರು ಅಲ್ಲೀತನಕ ಮುಟ್ಟಬೇಕು, ಹೌದಲ್ರಿ?" ಎಂದಳು ಅತ್ತೆ. ಡಾಕ್ಟರರು ಹೌದೆಂದರು.

ಮುಟ್ಟುತ್ತದೆಯೋ ಇಲ್ಲವೋ ತಿಳಿಯಲು ಒಂದು ಉಪಾಯ ಹೇಳಿಕೊಟ್ಟರು. ಮನೆಯಲ್ಲಿ ನಿತ್ಯ ಆ ನಾಳವನ್ನು ಹೆಬ್ಬೆರಳಿನಿಂದ ಕುತ್ತಿಗೆಯ ಎಲುಬಿಗೆ ಒತ್ತಿ ಹಿಡಿಯಬೇಕು. ಎಡಗಿವಿಯ ಮುಂದೆ, ಕಣತಲೆಯ ಮಿಡಿತ ನಿಂತರೆ ಒತ್ತಿದ್ದು ಸರಿ. ದಿನದಿನಕ್ಕೆ ಸ್ವಲ್ಪ ಹೆಚ್ಚು ಹೊತ್ತು ಹಿಡಿಯುತ್ತ ಹೋಗಬೇಕು. ಬಲಗೈ ಸೋತರೆ, ಮಾತು ತಡವರಿಸಿದರೆ ಕೂಡಲೇ ಬಿಡಬೇಕು. ತಡೆದುಕೊಂಡರೆ ಕಟ್ಟಬಹುದು.

ಮಾತು ನೋಡುವ ಬಗೆಯನ್ನು ಅಪ್ಪ ಗೊತ್ತುಮಾಡಿದರು. ನಮ್ಮಂಥ ಮನೆಯಲ್ಲಿ ನಾಲಿಗೆ ಶುದ್ಧವಿದೆ ಎಂದರೆ ದೇವರ ನಾಮ ಶುದ್ಧವಾಗಿ ಬರುತ್ತದೆ ಎಂದೇ ಅರ್ಥ. ಅತ್ತೆ ಕೇಶವ ನಾಮದಿಂದ ಹಿಡಿದು ಹೇಳುತ್ತ ಹೋಗಬೇಕು, ಬಲಗೈಯಲ್ಲಿ ಬತ್ತಿ ಹೊಸೆಯುತ್ತಿರಬೇಕು. ನಾನು ಮಡಿಯುಟ್ಟು ಹಿಂದೆ ಕುಳಿತು ಕುತ್ತಿಗೆ ಒತ್ತುತ್ತಿದ್ದೆ. ಅಪ್ಪ ಎದುರು ಕಣ್ಣುಮುಚ್ಚಿ ಕುಳಿತು ಕೇಳುತ್ತಿದ್ದರು. ನನ್ನ ಬೆರಳಿನ ಕೆಳಗೆ ಹಕ್ಕಿಯನ್ನು ಹಿಡಿದಂತೆ ನಾಳ ಬಡಿಯುತ್ತಿತ್ತು.

ಮೊದಲು ನಾಮಗಳ ಒಂದು ಸರತಿ, ಆಮೇಲೆ ಎರಡು, ಆಮೇಲೆ ಇನ್ನೂ ಹೆಚ್ಚು. ಬತ್ತಿ ಎಂದಿನಂತೆ ತೆಳ್ಳಗೆ ಬರುತ್ತಿತ್ತು. ಅಪ್ಪ ಸಮಾಧಾನಗೊಂಡರು. "ಒಂದು ಅಕ್ಷರ ಜಾರಲಿಲ್ಲ. ಆಸ್ಪತ್ರೆಗೆ ಹೋಗೋಣು, ಅಕ್ಕಾ" ಎಂದರು.

ಮರುದಿನ ಒತ್ತಿ ಹಿಡಿದಿದ್ದಾಗಲೇ ಬೀಬಿ ಎಲೆ ತಂದು ಗೋಡೆಯ ಮೇಲಿಟ್ಟು ಇಣುಕಿದಳು. "ಅಕ್ಕಾರ, ಇವತ್ತ ಆಡು ಉಳಿಸಿದ್ದ ತಂದೇನಿ ನೋಡ್ರಿ" ಎಂದಳು. ಅತ್ತೆ ಅವಳ ಕಡೆ ನೋಡಿದಳು. ಬಾಯಲ್ಲಿ ನಾಮ ನಡೆದೇ ಇತ್ತು. ಬೀಬಿ ಎಲೆಯನ್ನು ಇನ್ನಷ್ಟು ಮುಂದೆ ಸರಿಸಿದಳು.

"ಇದ್ಯಾಕವಾ, ಅಕ್ಕಾರು ಬೈಲೇ ಇಲ್ಲ? ಏನ ಮಾಡಾಕತ್ತೀರಿ ಅವರಿಗೆ?" ಎಂದು ನನ್ನನ್ನು ಕೇಳಿದಳು.

ಪಕ್ಕದ ಮೊರದಲ್ಲಿದ್ದ ಬದನೆಕಾಯಿಯೊಂದನ್ನು ಎಡಗೈಯಲ್ಲಿ ಅತ್ತೆಯ ಮುಂದೆ ಹಿಡಿದು, "ಇದೇನತ್ತಿ?" ಎಂದೆ.

ಅತ್ತೆ ಅದನ್ನೇ ನೋಡಿದಳು. ತುಟಿ ಅಲುಗಿತು. "ಗೋವಿಂದ" ಎಂದಳು. ಮತ್ತೆ ನೋಡಿ, "ವಿಷ್ಣು" ಎಂದಳು.

ಬೆರಳು ತೆಗೆದೆ. ನಾಳ ಬಡಿಯತೊಡಗಿತು. ತುಸು ಹೊತ್ತಿನ ಮೇಲೆ ಅತ್ತೆ ನಿಧಾನವಾಗಿ, "ಬದನಿಕಾಯಿ. ಮೂಗಿಗೆ ತಂದು ಹಿಡೀತಿಯೇನ, ನಾ ಏನು ಕುರುಡಿ?" ಎಂದಳು. ಆಮೇಲೆ ಗೋಡೆಯ ಕಡೆ ತಿರುಗಿ, "ಬೀಬಿ, ನಿನಗ ಆಮ್ಯಾಲೆ ಬೈತೀನಿ, ನಿಂದರು" ಎಂದಳು.

ಒತ್ತಿ ಹಿಡಿದಾಗ ಬಾಯಿಪಾಠ ಮಾತ್ರ ಉಳಿದು, ಮಾತು ಬತ್ತುತ್ತಿತ್ತು. ಎಷ್ಟು ದಿನದಿಂದ ಹಾಗಿತ್ತೋ, ನಾಮ ಕೇಳುತ್ತ ಕುಳಿತ ನಮಗೆ ಗೊತ್ತಾಗಿರಲಿಲ್ಲ. ಗೊತ್ತಿದ್ದವಳು ಅತ್ತೆ ಒಬ್ಬಳೇ. ಏಕೆ ಹೇಳಲಿಲ್ಲ ಎಂದು ಕೇಳಿದರೆ, "ಒತ್ತಿದಾಗ ಹೇಳ್ಲಿಕ್ಕೆ ಬರ್ತಿದ್ದಿಲ್ಲ. ಬಿಟ್ಟ ಮ್ಯಾಲೆ ಕನಸೇನೋ ಅನಸ್ತಿತ್ತು" ಎಂದಳು.

ಮತ್ತೆ ರೈಲು, ಮತ್ತೆ ಅದೇ ಡಾಕ್ಟರರು. ಅವರು ತಾವೇ ಒತ್ತಿ, ಪೆನ್ನು, ಕನ್ನಡಕ, ಗಡಿಯಾರ ತೋರಿಸಿ ಹೆಸರು ಕೇಳಿದರು. ಒಂದಕ್ಕೂ ಉತ್ತರ ಬರಲಿಲ್ಲ. ಕಟ್ಟಿದರೆ ಮಾತು ಹೋಗುವ ಸಂಭವವೇ ಹೆಚ್ಚು, ಕಟ್ಟದಿದ್ದರೆ ಉಬ್ಬು ಯಾವಾಗಲಾದರೂ ಒಡೆಯಬಹುದು, ಒಡೆಯದೆಯೂ ಇರಬಹುದು, ನಿರ್ಧಾರ ನಿಮ್ಮದು ಎಂದರು.

"ಕಟ್ಟಸೋಣು ಅಕ್ಕಾ. ಜೀವ ಉಳೀತದ. ದೇವರ ಹೆಸರಂತೂ ಬಾಯಾಗ ಇರ್ತದಲ್ಲ" ಎಂದರು ಅಪ್ಪ.

"ದೇವರ ಮುಂದ ಅಷ್ಟು ಸಾಕೋ ತಮ್ಮಾ. ನಿನ್ನ ಮುಂದ ಸಾಲೂದಿಲ್ಲ" ಎಂದಳು ಅತ್ತೆ. ಸೆರಗು ಸರಿಮಾಡಿಕೊಂಡು ಎದ್ದಳು.

ನಾಳ ಕಟ್ಟಿಸದೆಯೇ ಊರಿಗೆ ಮರಳಿದೆವು. ನೋವು ತಾನಾಗಿಯೇ ಇಳಿಯಿತು, ರೆಪ್ಪೆ ಏಳಲಿಲ್ಲ. ಅತ್ತೆ ಮತ್ತೆ ಕೆಲವು ವರ್ಷ ಬದುಕಿದಳು. ಬಗ್ಗಿ ಭಾರ ಎತ್ತಬೇಡ ಎಂದರೆ ಎತ್ತುತ್ತಿದ್ದಳು. ಹಿರೇಕೆರೂರಿನಿಂದ ನನ್ನನ್ನು ನೋಡಲು ಬಂದವರು ಅತ್ತೆಯ ಕಣ್ಣನ್ನೇ ನೋಡುತ್ತ ಕುಳಿತಾಗ, "ಹುಡಿಗಿ ಆಕಡೆ ಕುಂತಾಳ್ರಿ. ನನಗ ಈ ವಯಸ್ಸಿನಾಗ ವರ ಬ್ಯಾಡ" ಎಂದಳು. ಆ ಮನೆಗೇ ನಾನು ಸೊಸೆಯಾದೆ. ಚೊಚ್ಚಲ ಹೆರಿಗೆಗೆ ತವರಿಗೆ ಬಂದು ಮಗುವನ್ನು ಎತ್ತಿಕೊಂಡರೆ, ನನ್ನ ಬಾಯಲ್ಲಿ ಬರುತ್ತಿದ್ದುದೆಲ್ಲ ಅತ್ತೆಯ ಮಾತೇ. ಈಗ ನನ್ನ ಮಕ್ಕಳೂ ಹಾಗೆಯೇ ಮಾತನಾಡುತ್ತಾರೆ.

ಮೊದಲು ಹೇಳಿದ ಆ ದಿನ ನಾನು ಬಾಣಂತನದ ತಿಂಗಳುಗಳನ್ನು ಮುಗಿಸಿ ಇನ್ನೂ ತವರಿನಲ್ಲಿದ್ದೆ. ಬೇಳೆ ಆರಿಸಿದ ಮೇಲೆ ಅತ್ತೆ ಬೀಬಿಯ ಜೊತೆ ಜಗಳ ಮುಗಿಸಿಕೊಂಡು ಬಂದಳು. ಮಧ್ಯಾಹ್ನ ಮಲಗಿದವಳು ಏಳಲಿಲ್ಲ. ತಲೆಯೊಳಗಿನದು ಒಡೆದಿರಬೇಕು ಎಂದು ಅಪ್ಪ ಹೇಳಿದರು. ತಲೆ ತೆರೆದು ನೋಡಿದವರು ಯಾರೂ ಇಲ್ಲ. ಸಂಜೆ ಗೋಡೆಯಾಚೆ ನಿಂತ ಬೀಬಿ, "ಇನ್ನ ನನಗ ಯಾರು ಬೈಬೇಕ್ರಿ ಅಕ್ಕಾರ" ಎಂದು ಅಳುತ್ತಿದ್ದಳು.

ಆ ಮಧ್ಯಾಹ್ನ ಅತ್ತೆ ಮಲಗುವ ಮೊದಲು ಊಟಕ್ಕೆ ಅನ್ನ, ಸಾರು, ಬದನೆಕಾಯಿ ಪಲ್ಯ, ಮಜ್ಜಿಗೆ ಇತ್ತು. ಪಲ್ಯ ನಾನು ಮಾಡಿದ್ದೆ. "ಉಪ್ಪು ಹಿರೇಕೆರೂರಾಗ ಬಿಟ್ಟು ಬಂದೀಯೇನು?" ಎಂದು ಅತ್ತೆ ಕೇಳಿ, ಇನ್ನೊಮ್ಮೆ ಬಡಿಸಿಕೊಂಡಳು. ಆಮೇಲೆ ನಡುಮನೆಯಲ್ಲಿ ಚಾಪೆ ಹಾಸಿದೆವು. ಮಗು ಮಲಗಲಿಲ್ಲ, ನಾನೂ ಮಲಗಲಿಲ್ಲ. ಮೊದಲು ನಿದ್ದೆಹೋದವಳು ಅತ್ತೆ.