ಕಿವಿ ಮೇಸ್ತ್ರಿಯ ಹಿತ್ತಲಲ್ಲಿ ಕೂಗಿದ ಕಪ್ಪೆ

ಮೋಟರ್ ರಿಪೇರಿ ಮಾಡುವ ಆ ಮನುಷ್ಯನಿಗೆ ಕಿವಿ ಮೇಸ್ತ್ರಿ ಎಂದು ಹೆಸರು. ಹೆಸರು ತಂದುಕೊಟ್ಟದ್ದು ಒಂದು ಉದ್ದನೆಯ ಸ್ಕ್ರೂಡ್ರೈವರ್. ಪಂಪು, ಫ್ಯಾನು, ಮಿಕ್ಸಿ ಏನೇ ಅಂಗಡಿಗೆ ಬರಲಿ, ಅವನು ಮೊದಲಿಗೇ ಬಿಚ್ಚುವವನಲ್ಲ. ಸ್ವಿಚ್ ಹಾಕಿ, ಸ್ಕ್ರೂಡ್ರೈವರಿನ ತುದಿಯನ್ನು ಮೋಟರಿನ ಮೈಗೆ ತಾಗಿಸಿ, ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿ, ಕಣ್ಣು ಮುಚ್ಚಿ ನಿಲ್ಲುತ್ತಾನೆ. "ಹಿಂದಿನ ಬೇರಿಂಗ್ ಹೋಗಿದೆ" ಎಂದನೆಂದರೆ ಹಿಂದಿನದೇ ಹೋಗಿರುತ್ತದೆ. ಈ ವಿಷಯದಲ್ಲಿ ಅವನು ತಪ್ಪಿದ್ದನ್ನು ಕಂಡವರಿಲ್ಲ. ಹಾಗಾಗಿ ತನ್ನ ಕಿವಿಯ ಬಗ್ಗೆ ಅವನಿಗೆ ಸ್ವಲ್ಪ ಜಂಬ ಇದ್ದದ್ದು ನಿಜ. ಸ್ವಲ್ಪವೇನು, ಸಾಕಷ್ಟೇ ಇತ್ತು.

ಅವನ ದುಃಖವೊಂದೇ, ಹೆಂಡತಿಯ ಕಿವಿ ಮಂದವಾಗಿದ್ದು. ಅವಳು ಅಂಗಡಿಯ ಬಾಗಿಲ ಬಳಿ ಕೂತು ಕಾಯಿಲ್‌ಗೆ ತಾಮ್ರದ ತಂತಿ ಸುತ್ತುವವಳು. ಗಿರಾಕಿ ಬಂದು ಏನಾದರೂ ಹೇಳಿದರೆ ಸಾಕು, ಅದನ್ನೇ ಇನ್ನೊಮ್ಮೆ ಗಟ್ಟಿಯಾಗಿ ಕೇಳುತ್ತಿದ್ದಳು. "ಏನಂದ್ರಿ? ನೀರು ಮೇಲೆ ಏರ್ತಿಲ್ವಾ? ನಿನ್ನೆಯಿಂದಾನಾ?" ಗಿರಾಕಿ ಹೌದೆಂದು ತಲೆ ಆಡಿಸುತ್ತಿದ್ದ. ಮೇಸ್ತ್ರಿ ಕನಿಕರದಿಂದ ನೋಡುತ್ತಿದ್ದ. ಪಾಪ, ಒಂದು ಮಾತನ್ನು ಎರಡು ಸಲ ಕೇಳದೆ ಇವಳಿಗೆ ಅರ್ಥವಾಗುವುದಿಲ್ಲ. ಜನರಾದರೂ ಅಷ್ಟೇ, ಈಚೆಗೆ ಎಲ್ಲರೂ ಬಾಯೊಳಗೇ ಗೊಣಗುತ್ತಾರೆ. ಹೆಂಡತಿಯಾದರೂ ಬಾಯಿಬಿಟ್ಟು ಮಾತಾಡುತ್ತಾಳಲ್ಲ ಎಂದು ಅವನಿಗೆ ಸಮಾಧಾನ.

ಹೆಂಡತಿಗೆ ಎಲ್ಲ ಗೊತ್ತಿತ್ತು. ಮೊದಮೊದಲು ಗಂಡನಿಗೆ ಕೇಳಿಸದಿದ್ದುದನ್ನು ಅವಳು ಗಂಡಸರ ಜಾಣ ಕಿವುಡು ಎಂದುಕೊಂಡಿದ್ದಳು. ತರಕಾರಿ ತನ್ನಿ ಎಂದರೆ ಕೇಳಿಸುತ್ತಿರಲಿಲ್ಲ, ಸರಿ, ಅದು ಯಾವ ಗಂಡನಿಗೆ ಕೇಳಿಸುತ್ತದೆ? ಆದರೆ ಒಂದು ದಿನ ಊಟ ರೆಡಿ ಎಂದು ಹಿಂದಿನಿಂದ ಕೂಗಿದಾಗಲೂ ಅವನು ತಿರುಗಲಿಲ್ಲ. ಅವನ ಕಿವಿಯೇ ಮಂದವಾಗಿದೆ ಎಂದು ಅವಳಿಗೆ ಆಗ ತಿಳಿಯಿತು. ಹೇಳಿದರೆ ಅವನು ಕುಸಿದುಹೋಗುತ್ತಾನೆಂಬ ಭಯದಿಂದ ಸುಮ್ಮನಾದಳು. ಅಂದಿನಿಂದ ಅವನ ಕಿವಿಯಾಗಿ ಬಾಗಿಲಲ್ಲಿ ಕೂತಳು.

ಹಿತ್ತಲಲ್ಲಿ ಅವಳದೊಂದು ಹೊಂಡವಿತ್ತು. ಯಾರೋ ಎಸೆದ ಬಿರುಕುಬಿಟ್ಟ ಸ್ನಾನದ ತೊಟ್ಟಿಗೆ ಸಿಮೆಂಟು ಮೆತ್ತಿ, ನೆಲದಲ್ಲಿ ಹೂತು, ನೀರು ತುಂಬಿ, ನೈದಿಲೆ ಬಿಟ್ಟಿದ್ದಳು. ಕಪ್ಪೆಗಳನ್ನು ಯಾರೂ ಕರೆಯಲಿಲ್ಲ, ತಾವಾಗಿಯೇ ಬಂದವು. ಮೈಯೆಲ್ಲ ಗುಳ್ಳೆಯ ನೆಲಗಪ್ಪೆಯೊಂದು ದಿನಾ ಸಂಜೆ ನಲ್ಲಿಯ ಕೆಳಗೆ ಬಂದು ಕೂರುತ್ತಿತ್ತು. ಸಿಕ್ಕಿದ ಹುಳವನ್ನೆಲ್ಲ ನುಂಗಿ, ಒಂದು ಮಾತೂ ಆಡದೆ, ಹೊಟ್ಟೆ ಹೊತ್ತುಕೊಂಡು ಹೊರಟುಹೋಗುತ್ತಿತ್ತು. ಅವಳು ಅದಕ್ಕೆ ದೊಡ್ಡಪ್ಪ ಎಂದು ಹೆಸರಿಟ್ಟಿದ್ದಳು. ದೊಡ್ಡಪ್ಪ ಸುಮ್ಮನಿದ್ದರೂ ಉಳಿದ ಬಳಗ ಸುಮ್ಮನಿರುತ್ತಿರಲಿಲ್ಲ. ಹೊತ್ತು ಇಳಿಯುತ್ತಿದ್ದಂತೆ ಗಂಟಲು ಹರಿದುಕೊಳ್ಳಲು ಶುರುಮಾಡುತ್ತಿತ್ತು.

ಪಕ್ಕದ ಮನೆಗೆ ಬಾಡಿಗೆಗೆ ಬಂದ ನರ್ಸಮ್ಮನಿಗೆ ರಾತ್ರಿ ಪಾಳಿ. ಕೆಲಸಕ್ಕೆ ಹೊರಡುವ ಮುಂಚೆ ಸಂಜೆ ಒಂದಿಷ್ಟು ನಿದ್ದೆ ಸಿಗದಿದ್ದರೆ ಅವಳಿಗೆ ವಾರ್ಡಿನಲ್ಲಿ ಕಣ್ಣು ಬಿಡಲಾಗುತ್ತಿರಲಿಲ್ಲ. ಕೆಲವು ದಿನ ತಲೆಗೆ ದಿಂಬು ಕಟ್ಟಿಕೊಂಡು ನೋಡಿದಳು. ಕೊನೆಗೆ ಕೆಂಪು ಕಣ್ಣು ಮಾಡಿಕೊಂಡು ಅಂಗಡಿಗೇ ಬಂದಳು.

"ಅಂಕಲ್, ನಿಮ್ಮ ಕಪ್ಪೆಗಳಿಗೆ ಏನಾದ್ರೂ ಮಾಡಿ. ನನಗೆ ಹುಚ್ಚು ಹಿಡಿಯೋದೊಂದು ಬಾಕಿ."

"ಕಪ್ಪೆಗಳಿಗೆ ಏನಾದ್ರೂ ಮಾಡ್ಬೇಕಾ?" ಎಂದು ಹೆಂಡತಿ ಗಟ್ಟಿಯಾಗಿ ಕೇಳಿದಳು. ಕೇಳಿದ ಮೇಲೆ ಕೇಳಬಾರದಿತ್ತು ಅನ್ನಿಸಿತು.

ಮೇಸ್ತ್ರಿ ನಕ್ಕುಬಿಟ್ಟ. "ಕಪ್ಪೆಯಾ? ನಮ್ಮ ಹಿತ್ತಲಲ್ಲಾ? ನೋಡಮ್ಮ, ಈಚೆಗೆ ಇವಳೂ ಇದನ್ನೇ ಹೇಳ್ತಾಳೆ. ಕಿವಿ ಮಂದ ಆದವರಿಗೆ ಒಳಗೇ ಏನೇನೋ ಕೇಳಿಸುತ್ತೆ. ನಿನಗಾದ್ರೆ ನಿದ್ದೆ ಇಲ್ಲ, ಅದಕ್ಕೆ ಹಾಗೆ. ಅಲ್ಲಿರೋದು ಆ ಮೂಕ ದೊಡ್ಡಪ್ಪ ಒಂದೇ."

"ಅಂಕಲ್, ದಿನಾ ಬೊಬ್ಬೆ ಹೊಡೀತವೆ" ಎಂದು ನರ್ಸಮ್ಮ ಅವನ ಎದುರಿಗೇ ನಿಂತು ಕಿರುಚಿದಳು.

"ನನ್ನ ಕಿವಿಗೆ ಬೀಳದೇ ಇರೋ ಬೊಬ್ಬೆನಾ?" ಮೇಸ್ತ್ರಿಗೆ ಕೆಣಕಿದಂತಾಯಿತು. "ಇವತ್ತು ಸಂಜೆ ಬಾ. ಒಂದೇ ಒಂದು ಕಪ್ಪೆ ಕೂಗಲಿ, ಆ ಹೊಂಡಾನ ನನ್ನ ಕೈಯಾರೆ ಮುಚ್ತೀನಿ."

ಹೆಂಡತಿಯ ಕೈಯಲ್ಲಿದ್ದ ತಂತಿ ತುಂಡಾಯಿತು. ಕಪ್ಪೆ ಕೂಗಿದರೆ ನರ್ಸಮ್ಮ ಸುಮ್ಮನಿರುವವಳಲ್ಲ, ಗಂಡನ ಕಿವಿಯ ಗುಟ್ಟೂ ಹೊರಬೀಳುತ್ತದೆ, ಹೊಂಡವೂ ಹೋಗುತ್ತದೆ. ಆಡಿದ ಮಾತಿಗೆ ಅವನು ತಪ್ಪುವವನಲ್ಲ ಎನ್ನುವುದೇ ಅವನ ದೊಡ್ಡ ಕೆಟ್ಟ ಗುಣ. ಮಧ್ಯಾಹ್ನವೆಲ್ಲ ಅವಳು ಹೊಂಡದ ಬದಿಯಲ್ಲಿ ಕೂತು ಕಪ್ಪೆಗಳಿಗೆ ಬುದ್ಧಿ ಹೇಳಿದಳು. "ಇವತ್ತೊಂದು ದಿನ ಬಾಯಿ ಮುಚ್ಕೊಂಡಿರ‍್ರೋ." ದೊಡ್ಡಪ್ಪ ಮಾತ್ರ ಒಪ್ಪಿದಂತೆ ಕಂಡಿತು.

ಸಂಜೆಗೆ ಸರಿಯಾಗಿ ನಾಲ್ಕು ಹನಿ ಮಳೆ ಬೇರೆ ಬಿತ್ತು. ಇನ್ನು ಕೇಳಬೇಕೆ? ಮೂವರೂ ಹೊಂಡದ ಬಳಿ ಬಂದು ನಿಲ್ಲುವ ಹೊತ್ತಿಗೆ ಹಿತ್ತಲಿಗೆ ಹಿತ್ತಲೇ ಎದ್ದು ವಟಗುಟ್ಟುತ್ತಿತ್ತು. ಆ ಗದ್ದಲದ ನಡುವೆ ಮೇಸ್ತ್ರಿ ಕೈಕಟ್ಟಿ ನಿಂತು, ಗೆದ್ದ ಮುಖದಿಂದ, "ನೋಡಿದ್ಯಾ? ಎಷ್ಟು ನಿಶ್ಶಬ್ದ" ಎಂದ.

ನರ್ಸಮ್ಮ ಬೆರಗಾಗಿ ಹೆಂಡತಿಯ ಕಡೆ ನೋಡಿದಳು. ಹೆಂಡತಿಯ ಕಣ್ಣು ತುಂಬಿತ್ತು. ಆಸ್ಪತ್ರೆಯಲ್ಲಿ ಕೆಲಸ ಮಾಡುವವಳಿಗೆ ಬಿಡಿಸಿ ಹೇಳಬೇಕೆ? ಅವಳು ಮೇಸ್ತ್ರಿಯ ಎದುರಿಗೆ ಬಂದು, ತುಟಿ ಚೆನ್ನಾಗಿ ಆಡಿಸಿ, "ಹೌದು ಅಂಕಲ್, ನನ್ನದೇ ತಪ್ಪು" ಎಂದಳು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮೇಸ್ತ್ರಿಯ ಕಣ್ಣು ಚುರುಕು. ಹೊಂಡದ ನೀರಲ್ಲಿ ಅರ್ಧ ಮುಳುಗಿದ ಹಳೆಯ ಕಬ್ಬಿಣದ ಪೈಪೊಂದಿತ್ತು. ಅದರ ಬಾಯೊಳಗೆ ಕೂತ ಕಪ್ಪೆಯನ್ನು ಅವನು ಕಂಡ. ಅದರ ಗಂಟಲು ಉಬ್ಬುತ್ತಿತ್ತು, ಇಳಿಯುತ್ತಿತ್ತು, ಮತ್ತೆ ಉಬ್ಬುತ್ತಿತ್ತು. ಅಷ್ಟು ಜೋರಾಗಿ ಆಡುವ ಯಾವ ವಸ್ತುವೂ ಸದ್ದು ಮಾಡದೆ ಇರುವುದಿಲ್ಲ. ಅದು ಅವನಿಗೆ ಗೊತ್ತಿದ್ದಷ್ಟು ಇನ್ಯಾರಿಗೂ ಗೊತ್ತಿರಲಿಲ್ಲ.

ಮೇಸ್ತ್ರಿ ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದ. ಮೊಣಕಾಲೂರಿ, ತುದಿಯನ್ನು ಪೈಪಿಗೆ ತಾಗಿಸಿ, ಹಿಡಿಯನ್ನು ಕಿವಿಯ ಹಿಂದೆ ಒತ್ತಿ ಕಣ್ಣು ಮುಚ್ಚಿದ. ಟರ್ ಟರ್ ಎಂದು ತಲೆಯೊಳಗೇ ಕಪ್ಪೆ ಕೂಗಿತು. ಸ್ಕ್ರೂಡ್ರೈವರ್ ತೆಗೆದ, ಏನೂ ಇಲ್ಲ. ಮತ್ತೆ ಇಟ್ಟ, ಕೂಗಿತು. ಮೋಟರ್ ಸರಿಯಾಗೇ ಇದೆ, ಕೆಟ್ಟಿರುವುದು ಬೇರೆ ಕಡೆ ಎಂದು ಅವನಿಗೆ ತಿಳಿಯಿತು.

ಅವನಿಗೆ ಮೊದಲು ನಾಚಿಕೆಯಾಯಿತು. ಆಮೇಲೆ ಬಾಗಿಲಲ್ಲಿ ಕೂತು ಹೆಂಡತಿ ಎರಡೆರಡು ಸಲ ಕೇಳುತ್ತಿದ್ದ ಮಾತುಗಳೆಲ್ಲ ನೆನಪಾಗಿ, ಅವಳು ಕೇಳುತ್ತಿದ್ದದ್ದು ತನಗಾಗಿ ಎಂದು ಹೊಳೆಯಿತು. ಎದ್ದವನು ಸೀದಾ ಹೋಗಿ ಗುದ್ದಲಿ ತಂದ.

ಹೆಂಡತಿ ಅಡ್ಡ ನಿಂತಳು. ನರ್ಸಮ್ಮ ಗುದ್ದಲಿ ಹಿಡಿದುಕೊಂಡಳು. "ಅಂಕಲ್, ಬೇಡ. ನನಗೆ ಬೇಕಾಗಿರೋದು ನಿದ್ದೆ ಅಷ್ಟೇ, ಹೊಂಡ ಮುಚ್ಚೋದಲ್ಲ. ಒಂದು ದಿನ ಆಸ್ಪತ್ರೆಗೆ ಬನ್ನಿ, ಕಿವಿ ಡಾಕ್ಟ್ರಿಗೆ ತೋರಿಸೋಣ."

ಅವಳ ತುಟಿಗಳನ್ನು ನೋಡಿ ಮೇಸ್ತ್ರಿ ತಲೆ ಆಡಿಸಿದ. ಆಸ್ಪತ್ರೆಯ ಮಾತನ್ನು ಪಕ್ಕಕ್ಕಿಟ್ಟು, "ನಿಮ್ಮ ಮನೇಲಿ ಟೇಬಲ್ ಫ್ಯಾನ್ ಇದೆಯಾ? ತಗೊಂಡು ಬಾ" ಎಂದ.

ಸದ್ದಿಲ್ಲದ ಹೊಸ ಫ್ಯಾನ್ ಬಂತು. ಫ್ಯಾನಿನ ಸದ್ದು ಅಡಗಿಸುವುದರಲ್ಲೇ ಜೀವನ ಸವೆಸಿದ ಮೇಸ್ತ್ರಿ ಅಂಗಡಿಯಲ್ಲಿ ಕೂತು ಅದನ್ನು ಬಿಚ್ಚಿದ. ಗುಜರಿ ಡಬ್ಬಿಯಲ್ಲಿ ಕೈಯಾಡಿಸಿ, ಅದಕ್ಕೆ ಹೊಂದುವ ಒಂದು ಸವೆದುಹೋದ ಬೇರಿಂಗ್ ಹುಡುಕಿ, ಒಳ್ಳೆಯದನ್ನು ತೆಗೆದು ಕೆಟ್ಟದ್ದನ್ನು ಕೂರಿಸಿದ. ಸ್ವಿಚ್ ಹಾಕಿದ. ರೂಢಿಯಂತೆ ಕೈ ಸ್ಕ್ರೂಡ್ರೈವರಿನ ಕಡೆ ಹೋಯಿತು. ಅದನ್ನು ತೆಗೆದುಕೊಳ್ಳದೆ ಹೆಂಡತಿಯ ಕಡೆ ತಿರುಗಿದ.

"ಹೇಗಿದೆಯೇ ಸದ್ದು?"

ಮದುವೆಯಾದ ಮೇಲೆ ಸದ್ದಿನ ವಿಷಯದಲ್ಲಿ ಅವನು ಅವಳನ್ನು ಒಂದು ಮಾತು ಕೇಳಿದ್ದು ಅದೇ ಮೊದಲು. ಅವಳು ಕಣ್ಣೊರೆಸಿಕೊಂಡು ಅವನ ಪಕ್ಕಕ್ಕೆ ಬಂದು, ಕಿವಿಯ ಹತ್ತಿರ ಬಾಯಿಟ್ಟು ಕೂಗಿದಳು.

"ಭಾರಿ ದರಿದ್ರವಾಗಿದೆ ರೀ. ಒಂದೇ ಸಮನೆ ಗುಂಯ್ ಅಂತಿದೆ, ಒಂದು ಕಪ್ಪೆನೂ ಕೇಳಿಸ್ತಿಲ್ಲ."

"ಹಾಗಾದ್ರೆ ಸರಿಯಾಯ್ತು" ಎಂದು ಮೇಸ್ತ್ರಿ ಫ್ಯಾನಿಗೆ ಮುಚ್ಚಳ ಹಾಕಿದ.