ಎಡಹೆಗಲ ಮೇಲಿನ ಚೀಲ

ಎಡಮಗ್ಗುಲಿಗೆ ಮಲಗಿ, ಎಡ ಮೊಣಕೈ ನೆಲಕ್ಕೆ ಊರಿ, ಸೊಂಟವನ್ನು ಮೇಲೆತ್ತಿ ಹಿಡಿಯಲು ಉಚ್ಚಂಗೆಪ್ಪನಿಗೆ ಹೇಳಿದೆ. ಹದಿನಾಲ್ಕನೆಯ ಸೆಕೆಂಡಿಗೆ ಸೊಂಟ ಕುಸಿಯಿತು. ಬಲಮಗ್ಗುಲಿಗೆ ಇದೇ ಮನುಷ್ಯ ಒಂದೂವರೆ ನಿಮಿಷ ಅಲುಗದೆ ನಿಂತಿದ್ದ.

ಸುತ್ತ ನಿಂತ ಆಟಗಾರರು ನಕ್ಕರು.

"ದಿನಾ ಚೀಲ ಹೊರೋನು ತನ್ನ ಮೈ ತಾನು ಎತ್ತವಲ್ಲ," ಎಂದ ವಿಕೆಟ್ ಕೀಪರ್ ಪ್ರಶಾಂತ.

"ನಿನ್ನ ಮೈ ಎತ್ತಿ ತೋರಿಸ್ಲೇನು?" ಎಂದು ಉಚ್ಚಂಗೆಪ್ಪ ಎದ್ದ. ಪ್ರಶಾಂತ ಎರಡು ಹೆಜ್ಜೆ ಹಿಂದೆ ಸರಿದ.

ಉಚ್ಚಂಗೆಪ್ಪ ಕುಕ್ಕುವಾಡದವನು. ವಯಸ್ಸು ಇಪ್ಪತ್ತೊಂಬತ್ತು. ಹತ್ತು ವರ್ಷದಿಂದ ದಾವಣಗೆರೆಯ ಎ.ಪಿ.ಎಂ.ಸಿ. ಯಾರ್ಡಿನಲ್ಲಿ ಹಮಾಲಿ. ಭಾನುವಾರ ಮಾತ್ರ ಎಂ.ಸಿ.ಸಿ. ಬಡಾವಣೆ ಪಕ್ಕದ ಮೈದಾನದಲ್ಲಿ ಆಡುವ ಕ್ಲಬ್ಬಿನ ವೇಗದ ಬೌಲರ್. ಕ್ಲಬ್ಬಿನಲ್ಲಿ ಉಳಿದವರು ಅಂಗಡಿಯವರು, ಮೇಷ್ಟ್ರುಗಳು. ಮೆಡಿಕಲ್ ಕಾಲೇಜಿನಲ್ಲಿ ಶರೀರಶಾಸ್ತ್ರ ಕಲಿಸಿ ನಿವೃತ್ತಳಾದ ಮೇಲೆ ಅವರ ವ್ಯಾಯಾಮ ನೋಡಿಕೊಳ್ಳುವ ಕೆಲಸ ಒಪ್ಪಿಕೊಂಡಿದ್ದೆ. ಉಚ್ಚಂಗೆಪ್ಪನನ್ನು ಮಾತ್ರ ಯಾರೂ ವ್ಯಾಯಾಮಕ್ಕೆ ಕರೆಯುತ್ತಿರಲಿಲ್ಲ. "ಅವನಿಗ್ಯಾಕ್ರೀ ಕಸರತ್ತು, ಯಾರ್ಡೇ ಅವನ ಜಿಮ್ಮು," ಎನ್ನುತ್ತಿದ್ದ ನಾಯಕ ಬಸವಪ್ರಭು. ಅವನದು ಬಟ್ಟೆ ಅಂಗಡಿ.

ಆದರೆ ಒಂದು ತಿಂಗಳಿಂದ, ಮೂರನೆಯ ಓವರ್ ದಾಟಿದರೆ, ಉಚ್ಚಂಗೆಪ್ಪನ ಬೆನ್ನಿನ ಕೆಳಗೆ ಎಡಭಾಗದಲ್ಲಿ ನೋವು. ಕಾರಣ ಸರಳ. ಹತ್ತು ವರ್ಷ ಅವನು ಚೀಲ ಹೊತ್ತಿದ್ದು ಎಡಹೆಗಲ ಮೇಲೆ. ಭಾರ ಎಡಕ್ಕೆ ಎಳೆದಾಗ ದೇಹವನ್ನು ನೆಟ್ಟಗೆ ಹಿಡಿಯುವುದು ಬಲಪಕ್ಕದ ಸ್ನಾಯು. ಬಲಪಕ್ಕ ಕಲ್ಲಾಗಿತ್ತು, ಎಡಪಕ್ಕ ಸೋಮಾರಿಯಾಗಿತ್ತು. ಬಲಗೈ ಬೌಲರ್ ಚೆಂಡು ಬಿಡುವಾಗ ಎಡಕ್ಕೆ ಬಾಗುತ್ತಾನೆ. ಆ ಬಾಗನ್ನು ಸ್ನಾಯು ತಡೆಯದಿದ್ದರೆ ಬೆನ್ನೆಲುಬು ತಡೆಯಬೇಕು. ಒಂದು ದಿನ ಅದು ಬಿರುಕು ಬಿಡುತ್ತದೆ. ಬಿರುಕು ಬಿಟ್ಟ ಬೆನ್ನಿನಲ್ಲಿ ಆರು ತಿಂಗಳು ಚೀಲ ಎತ್ತುವ ಹಾಗಿಲ್ಲ.

"ಮೂರು ವಾರಕ್ಕೆ ಹರಿಹರದ ಪಂದ್ಯ. ಅಷ್ಟರಲ್ಲಿ ಎಡಮಗ್ಗುಲಿಗೆ ಅರವತ್ತು ಸೆಕೆಂಡು ನಿಲ್ಲಬೇಕು. ಇಲ್ಲದಿದ್ದರೆ ನೀನು ಬೌಲಿಂಗ್ ಮಾಡುವುದು ಬೇಡ," ಎಂದೆ.

ಅವನ ಮುಖ ಬಿಗಿದುಕೊಂಡಿತು. ಹೋದ ವರ್ಷ ಅದೇ ಹರಿಹರದವರು ಕೊನೆಯ ಓವರಿನಲ್ಲಿ ಅವನಿಗೆ ಇಪ್ಪತ್ತೆರಡು ರನ್ ಹೊಡೆದು ಗೆದ್ದಿದ್ದರು. ವರ್ಷವೆಲ್ಲ ಅದನ್ನೇ ನುಂಗಿಕೊಂಡಿದ್ದ.

"ಮೇಡಂ, ನನಗೆಲ್ಲೈತ್ರೀ ಟೈಮು? ಏಳಕ್ಕೆ ಯಾರ್ಡಿಗೆ ಹೋದ್ರೆ ಕತ್ತಲಾದ್ಮ್ಯಾಲೆ ಊರು."

ಹಾಗಾದರೆ ಕೆಲಸವೇ ವ್ಯಾಯಾಮವಾಗಲಿ ಎಂದುಕೊಂಡೆ. ಅರ್ಧ ದಿನ ಚೀಲವನ್ನು ಬಲಹೆಗಲ ಮೇಲೆ ಹೊರಲು ಹೇಳಿದೆ. ಕಾಗದದ ಮೇಲೆ ಲೆಕ್ಕ ಸರಿಯಾಗಿತ್ತು. ಅವನು ಕೆಲಸ ಮಾಡುವ ಜಾಗವನ್ನು ನಾನು ನೋಡಿರಲಿಲ್ಲ. ತಪ್ಪು ಆದದ್ದು ಅಲ್ಲಿ.

ನಾಲ್ಕನೆಯ ದಿನ ಮೆಕ್ಕೆಜೋಳದ ಲಾರಿ ತುಂಬುತ್ತಿದ್ದರು. ನೆಲದಿಂದ ಲಾರಿಗೆ ಒಂದೇ ಹಲಗೆ. ಹೊತ್ತವರು ಹತ್ತುತ್ತಾರೆ, ಅವರ ಬಲಕ್ಕೆ, ಒಂದು ಗೇಣು ಅಂತರದಲ್ಲಿ, ಬರಿಗೈಯವರು ಇಳಿಯುತ್ತಾರೆ. ಎಲ್ಲರ ಚೀಲವೂ ಎಡಹೆಗಲ ಮೇಲಿರುವುದರಿಂದ ಎಲ್ಲರಿಗೂ ಬಲಬದಿ ಕಾಣುತ್ತದೆ. ಅಂದು ಉಚ್ಚಂಗೆಪ್ಪನ ಬಲಗಣ್ಣಿಗೆ ಕಂಡದ್ದು ಚೀಲ ಮಾತ್ರ. ಅವನ ಚೀಲ ಇಳಿಯುತ್ತಿದ್ದ ಹಯಾತ್ ಸಾಬರ ಎದೆಗೆ ಬಡಿಯಿತು. ಹಯಾತ್ ಸಾಬ್ ಗ್ಯಾಂಗಿನ ಮುಖ್ಯಸ್ಥರು, ಅರವತ್ತೆರಡು ವರ್ಷದವರು. ಎದೆಮಟ್ಟದ ಎತ್ತರದಿಂದ ಕೆಳಕ್ಕೆ ಹಾರಿದರು. ಅವರು ನಿಂತಿದ್ದ ಜಾಗಕ್ಕೇ ಚೀಲ ಬಿದ್ದು ಒಡೆಯಿತು. ಅವರ ಅಂಗೈ ಎರಡೂ ತರಚಿದವು, ಅಷ್ಟೇ.

"ಲೇ ಉಚ್ಚಂಗಿ, ನಾಳೆಯಿಂದ ಹೆಗಲು ಬದಲು ಮಾಡಿದ್ರೆ ಗ್ಯಾಂಗಿಗೆ ಬರಬ್ಯಾಡ," ಎಂದರು.

ಸುದ್ದಿ ತಿಳಿದ ಮರುದಿನ ಬೆಳಗ್ಗೆ ಯಾರ್ಡಿಗೆ ಹೋದೆ. ಹಯಾತ್ ಸಾಬ್ ಒಂದು ಚೀಲದ ಮೇಲಿನ ಧೂಳು ಕೊಡವಿದರು.

"ಕೂಡ್ರಿ ಅಮ್ಮಾರೆ. ಹೆಗಲು ಬದಲು ಮಾಡು ಅಂದೋರು ನೀವೇ ಏನ್ರೀ?"

"ನಾನೇ."

"ಯಾವಾಗಾರ ಚೀಲ ಹೊತ್ತೀರೇನ್ರೀ?"

"ಇಲ್ಲ. ನಾನು ಹೇಳಿದ್ದು ತಪ್ಪು."

ಅವರು ಇನ್ನಷ್ಟು ಬೈಯಲು ತಯಾರಾಗಿದ್ದರು. ಆ ಮಾತಿಗೆ ತಲೆಯಾಡಿಸಿ ಕೆಲಸಕ್ಕೆ ಎದ್ದರು. ಎರಡು ಗಂಟೆ ಕೂತು ನೋಡಿದೆ. ಗ್ಯಾಂಗಿನ ಕುಡಿಯುವ ನೀರು ಯಾರ್ಡಿನ ಆ ತುದಿಯ ನಲ್ಲಿಯಿಂದ ಬರಬೇಕು. ಇಪ್ಪತ್ತು ಲೀಟರಿನ ಕ್ಯಾನು, ಸರದಿಯ ಮೇಲೆ ತರುತ್ತಿದ್ದರು. ಬಲಗೈಯಲ್ಲಿ ಕ್ಯಾನು ತೂಗಿಸಿಕೊಂಡು ಓಲದೆ ನಡೆದರೆ ದುಡಿಯುವುದು ಎಡಪಕ್ಕ. ದಾರಿಯಲ್ಲಿ ಯಾರಿಗೂ ಅಡ್ಡಿಯಿಲ್ಲ. ನೀರು ತರುವ ಕೆಲಸವನ್ನೆಲ್ಲ ಉಚ್ಚಂಗೆಪ್ಪನಿಗೇ ಬಿಡಿ ಎಂದು ಹಯಾತ್ ಸಾಬರನ್ನು ಕೇಳಿದೆ.

"ತರ್ಲಿ, ಬ್ಯಾಡ ಅನ್ನೋರು ಯಾರು? ಆದ್ರ ಹಲಗಿ ಮ್ಯಾಲೆ ನಿಮ್ಮ ಓದು ಬ್ಯಾಡ," ಎಂದರು.

ಉಳಿದದ್ದು ಎರಡು ವಾರ. ದಿನಕ್ಕೆ ಎಂಟು ಸಲ ನೀರು ತಂದ. ಮನೆಯಲ್ಲಿ ಹೆಂಡತಿ ಹುಲಿಗೆಮ್ಮ ಫೋನು ಹಿಡಿದು ಸೆಕೆಂಡು ಎಣಿಸುತ್ತಿದ್ದಳು. ಇಪ್ಪತ್ತಾರು. ಮೂವತ್ತೆಂಟು. ನಲವತ್ತೇಳಕ್ಕೆ ಬಂದು ಮೂರು ದಿನ ಅಲ್ಲೇ ನಿಂತಿತು.

ಪಂದ್ಯದ ಬೆಳಗ್ಗೆ ಹರಿಹರದ ಮೈದಾನದಲ್ಲಿ, ಟಾಸಿಗೆ ಮುಂಚೆ, ಬೌಂಡರಿಯ ಹೊರಗೆ ಟವೆಲ್ ಹಾಸಿ ಮಲಗಿದ. ಬಸವಪ್ರಭು ಕೈಗಡಿಯಾರ ನೋಡತೊಡಗಿದ. ನನ್ನ ಕೈಯಲ್ಲೂ ಒಂದಿತ್ತು. ಮೂವತ್ತಕ್ಕೆ ಕಾಲು ನಡುಗತೊಡಗಿತು. ನಲವತ್ತಕ್ಕೆ ಹಣೆಯ ಬೆವರು ಟವೆಲಿಗೆ ತೊಟ್ಟಿಕ್ಕಿತು. ಯಾರೂ ನಗಲಿಲ್ಲ. ಐವತ್ತು ದಾಟಿತು. ಸೊಂಟ ಒಮ್ಮೆ ಇಳಿಯಿತು, ಮತ್ತೆ ಏರಿತು, ಆಮೇಲೆ ನೆಲಕ್ಕೆ ಬಿತ್ತು.

"ಅರವತ್ತು!" ಎಂದು ಬಸವಪ್ರಭು ಕೂಗಿದ. "ಆತು ನಡೀ, ಶೂ ಹಾಕ್ಕೋ."

ಉಚ್ಚಂಗೆಪ್ಪ ಎದ್ದು ಕೂತು ನನ್ನ ಕಡೆ ನೋಡಿದ. "ಖರೇ ಎಷ್ಟ್ರೀ?"

"ಐವತ್ಮೂರು."

"ಏಳು ಸೆಕೆಂಡು ಯಾವ ಲೆಕ್ಕ ಬಿಡ್ರೀ ಮೇಡಂ!" ಬಸವಪ್ರಭುವಿನ ದನಿ ಏರಿತು. "ಇವನಿಲ್ದೆ ಹೆಂಗೆ ಗೆಲ್ಲೋದು? ಬರೀ ನಾಕು ಓವರು. ಏನಾರ ಆದ್ರೆ ನಾನದೀನಿ."

ತೀರ್ಮಾನ ನಾನು ಮೂರು ವಾರದ ಹಿಂದೆಯೇ ಹೇಳಿದ್ದೆ. ಆದರೆ ಮೈದಾನಕ್ಕೆ ಕಳಿಸುವವನು ನಾಯಕ, ಇಳಿಯುವವನು ಉಚ್ಚಂಗೆಪ್ಪ. ನನ್ನ ಮಾತನ್ನು ಇಬ್ಬರೂ ಮೀರಬಹುದಿತ್ತು. ಆಚೆ ಹರಿಹರದ ಆರಂಭಿಕ ಬ್ಯಾಟ್ಸ್‌ಮನ್ ಪ್ಯಾಡ್ ಕಟ್ಟುತ್ತಾ ಇತ್ತಲೇ ನೋಡುತ್ತಿದ್ದ. "ಏನ್ ಗುರೂ, ಇಪ್ಪತ್ತೆರಡು ಸಾಲ್ಲಿಲ್ವಾ?" ಎಂದು ಕೂಗಿದ.

ಉಚ್ಚಂಗೆಪ್ಪ ಶೂ ಕೈಗೆ ತೆಗೆದುಕೊಂಡ. ಒಂದನ್ನು ಹಾಕಿಕೊಂಡು ಲಾಡಿ ಬಿಗಿದ. ಎದ್ದು ನಿಂತು ಎಡಗೈಯಿಂದ ಬೆನ್ನಿನ ಕೆಳಭಾಗವನ್ನು ಒತ್ತಿ ನೋಡಿಕೊಂಡ.

"ಪ್ರಭಣ್ಣ, ಏನಾರ ಆದ್ರೆ ನೀನದೀಯಾ. ಸೋಮವಾರ ಚೀಲ ಹೊರಾಕೆ ಬರ್ತೀಯೇನು?" ಎಂದ.

ಉಚ್ಚಂಗೆಪ್ಪ ಇನ್ನೊಂದು ಶೂ ಹಾಕಿಕೊಂಡ.

"ಫೀಲ್ಡಿಂಗಿಗೆ ನಿಲ್ತೀನಿ. ಚೆಂಡು ಬ್ಯಾಡ."

ಬಿಸಿಲಿನಲ್ಲಿ ಐದು ತಾಸು ಆಟ ನಡೆಯಿತು. ಕ್ಲಬ್ ನಾಲ್ಕು ವಿಕೆಟ್‌ಗಳಿಂದ ಸೋತಿತು. ವಾಪಸು ಬರುವ ಟೆಂಪೋದಲ್ಲಿ ಅವನ ಪಕ್ಕ ಯಾರೂ ಕೂರಲಿಲ್ಲ. ಬಸವಪ್ರಭು ದಾರಿಯುದ್ದಕ್ಕೂ ಕಿಟಕಿಯಾಚೆ ನೋಡಿದ.

ಸೋಮವಾರ ಯಾರ್ಡಿನಲ್ಲಿ ಮೂರು ಲಾರಿ ತುಂಬಿದರು. ಉಚ್ಚಂಗೆಪ್ಪ ಕೆಲಸಕ್ಕೆ ಹೋಗಿದ್ದ. ಪಂದ್ಯವಾಗಿ ಎರಡು ವಾರ ಕಳೆದ ಮೇಲೆ ಭಾನುವಾರ ಮೈದಾನಕ್ಕೆ ಬಂದು, ಯಾರೂ ಹೇಳದೆ, ನೆಲದ ಮೇಲೆ ಎಡಮಗ್ಗುಲಿಗೆ ಮಲಗಿ ಎಪ್ಪತ್ತೊಂದು ಸೆಕೆಂಡು ನಿಂತ. ಗಡಿಯಾರ ಹಿಡಿದವನು ಪ್ರಶಾಂತ. ಎರಡು ಸಲ ನೋಡಿ ಹೇಳಿದ. ಬಸವಪ್ರಭು ಜೇಬಿನಿಂದ ಚೆಂಡು ತೆಗೆದು ಅವನತ್ತ ಎಸೆದ. ಅವನು ಐದು ಓವರ್ ಹಾಕಿದ, ನೋವಿಲ್ಲ ಎಂದ. ಆರನೆಯದನ್ನು ಹಾಕಲು ನಾನು ಬಿಡಲಿಲ್ಲ.