ಪೆನ್ಸಿಲಿನಲ್ಲಿ ಸತ್ತ ಶರಣಪ್ಪ ಕಾಕಾ

ಬಾಯಲ್ಲಿ ಬಿಸಿ ಮಿರ್ಚಿ ಭಜಿ ಇಟ್ಟುಕೊಂಡು ಯಾರೂ ಕಂಪ್ಯೂಟರಿನ ಪಕ್ಕ ಕೂಡಬಾರದು. ಹದಿನೈದು ದಿನವಾಯಿತು; ಇನ್ನೂ ಕಣ್ಣು ಮುಚ್ಚಿದರೆ ಪರದೆಯ ಮೇಲಿನ 'ಖಚಿತವೇ?' ಎಂಬ ಪ್ರಶ್ನೆ, ಅದಕ್ಕೆ 'ಹೌದು' ಒತ್ತಲು ಇಳಿಯುತ್ತಿದ್ದ ಶರಣಪ್ಪ ಕಾಕಾರ ಬೆರಳು, ನನ್ನ ನಾಲಗೆ ಸುಡುತ್ತಿದ್ದ ಮಿರ್ಚಿ, ಮೂರೂ ಒಟ್ಟಿಗೆ ಬರುತ್ತವೆ. 'ಬ್ಯಾಡ' ಎಂದಿದ್ದರೆ ಸಾಕಿತ್ತು. ಬಿ.ಕಾಂ. ಓದಿದ ನನ್ನ ಬಾಯಿಂದ ಬಂದದ್ದು ಬರೀ ಉಗಿ.

ಕಾಕಾ ಸೇಡಂನ ನಮ್ಮ ಸರಕಾರಿ ಕಚೇರಿಯ ಹಿರಿಯ ಲೆಕ್ಕಿಗರು. ಮೊದಲಿನಿಂದ ಅವರ ಪದ್ಧತಿ ಒಂದೇ: ಯಾವ ಲೆಕ್ಕವಾದರೂ ಮೊದಲು ಪೆನ್ಸಿಲಿನಲ್ಲಿ ಬರೆದು, ತಾಳೆ ನೋಡಿ, ಆಮೇಲೆ ಪೆನ್ನು ಹಿಡಿಯುವುದು. ತಪ್ಪೇನು ಹೇಳಿ? ಶಹಾಬಾದಿನಲ್ಲಿ ಹಾಸುಗಲ್ಲು ಕತ್ತರಿಸುವವನೂ ಮೊದಲು ಗೆರೆ ಎಳೆಯುತ್ತಾನೆ. ಸನ್ನತಿಯ ಹಳೆಯ ಶಾಸನದ ಕಲ್ಲುಗಳ ಮೇಲೆ ಅಕ್ಷರ ಕೊರೆದ ಪುಣ್ಯಾತ್ಮನೂ ಮೊದಲು ಇದ್ದಿಲಿನಲ್ಲಿ ಬರೆದುಕೊಂಡಿರಬೇಕೆಂದು ನನ್ನ ಊಹೆ. ರಾಜನ ಹೆಸರಿನಲ್ಲಿ ಒತ್ತಕ್ಷರ ಬಿಟ್ಟುಹೋದರೆ ತಲೆಯೇ ಹೋಗುವ ಕಾಲ ಅದು. ಆದರೆ ಲೆಕ್ಕ, ಸಂಬಳ, ಪಿಂಚಣಿ ಎಲ್ಲವನ್ನೂ ಒಂದೇ ಹೊಟ್ಟೆಗೆ ಹಾಕಿಕೊಂಡ ನಮ್ಮ ಹೊಸ ಸಾಫ್ಟ್‌ವೇರಿಗೆ ಪೆನ್ಸಿಲ್ ಗೊತ್ತಿಲ್ಲ.

ಅಂದು ಕಾಕಾ ನೌಕರರ ಸೇವೆ ಮುಗಿಸುವ ಪುಟವನ್ನು ಕಲಿಯುತ್ತಿದ್ದರು. "ಮಂದಿ ಹೆಸರಿನ ಮ್ಯಾಲ ಪ್ರಯೋಗ ಮಾಡಿದ್ರ ಪಾಪ ಬರ್ತದ" ಎಂದು ತಮ್ಮ ಹೆಸರನ್ನೇ ಹಾಕಿದರು. ಕಾರಣದ ಜಾಗದಲ್ಲಿ 'ನಿವೃತ್ತಿ' ಎಂದರೆ ವಯಸ್ಸು ಸಾಲದು ಎಂದಿತು. 'ಮರಣ'ಕ್ಕೆ ಅಂಥ ತಕರಾರಿರಲಿಲ್ಲ. ಒತ್ತಿಯೇಬಿಟ್ಟರು.

"ಹೂಂ, ಈಗ ಹ್ಯಾಂಗ ಅಳಸೋದು ತೋರಸು ತಮ್ಮಾ."

ಅಳಿಸುವ ಗುಂಡಿಯೇ ಇರಲಿಲ್ಲ. 'ಮೇಲಧಿಕಾರಿಯ ಒಪ್ಪಿಗೆಗೆ ಕಳಿಸಲಾಗಿದೆ' ಎಂದಿತ್ತು.

"ಕಾಕಾ, ನೀವು ಹೋದ್ರಿ."

"ಎಲ್ಲಿಗಿ?"

ಆ ಪ್ರಶ್ನೆಗೆ ಋಷಿಮುನಿಗಳಿಗೇ ಉತ್ತರ ಸಿಕ್ಕಿಲ್ಲ, ನಾನೇನು ಹೇಳಲಿ? ನಮ್ಮ ಸಾಹೇಬರು ಚಿಂಚೋಳಿ ಕಡೆ ತಪಾಸಣೆಗೆ ಹೋಗಿದ್ದರು. ಜೀಪಿನಲ್ಲಿ ಕೂತು, ಮೊಬೈಲಿಗೆ ಬಂದದ್ದಕ್ಕೆಲ್ಲ ಓದದೆ ಒಪ್ಪಿಗೆ ಒತ್ತುವುದು ಅವರ ಸ್ವಭಾವ. ಒತ್ತಿದರೆ ಕಾಕಾರ ಸಂಬಳ ನಿಂತಂತೆಯೇ. ನಮ್ಮ ಇನ್ನೊಂದು ಶಾಖೆಯಲ್ಲಿ ಹೀಗೆ ಹೋದವರೊಬ್ಬರು 'ನಾನು ಬದುಕಿದ್ದೇನೆ' ಎಂದು ತಿಂಗಳುಗಟ್ಟಲೆ ಅರ್ಜಿ ಬರೆದಿದ್ದರು. ಕಾಕಾರ ಮನೆಯಲ್ಲಿ ಐದು ಜನರ ರೊಟ್ಟಿ ಆ ಸಂಬಳದ ಮೇಲಿತ್ತು.

ಫೋನ್ ಹಚ್ಚಿದೆ. ಸಾಹೇಬರು ಕಾಡಿನೊಳಗೆ, ನೆಟ್‌ವರ್ಕ್ ಇಲ್ಲ. ನೆಟ್‌ವರ್ಕ್ ಬಂದರೆ ನನ್ನ ಮಾತೂ ಮುಟ್ಟುತ್ತದೆ, ಕಾಕಾರ ಮರಣವೂ ಮುಟ್ಟುತ್ತದೆ; ಯಾವುದು ಮೊದಲೋ! ಕಾಕಾ ಒಮ್ಮೆ ನೆಟ್‌ವರ್ಕ್ ಬರಲೆಂದೂ ಒಮ್ಮೆ ಬರದಿರಲೆಂದೂ ಬಸವಣ್ಣನನ್ನು ಬೇಡಿಕೊಂಡರು. ನಡುವೆ ಮನೆಗೆ ಫೋನ್ ಮಾಡಿ ಸುದ್ದಿ ತಿಳಿಸಿದರು. ಕಾಕಿ ಗಾಬರಿಯಾಗಲಿಲ್ಲ. "ಕಂಪ್ಯೂಟರಿನಾಗ ಸತ್ರ ಸಾಯ್ರಿ, ಬರೂಮುಂದ ಎರಡು ಕೆಜಿ ಉಳ್ಳಾಗಡ್ಡಿ ತಗೊಂಡು ಬರ್ರಿ."

ಮೂರು ಗಂಟೆಗೆ ಸಾಹೇಬರೇ ಫೋನ್ ಮಾಡಿದರು. "ಇಷ್ಟ್ ಸಲ ಯಾಕ ಹಚ್ಚೀರಿ? ಬಂದದ್ದೆಲ್ಲಾ ಒಪ್ಪಿಗಿ ಕೊಟ್ಟೀನಲ್ಲ."

ನಾನು ಕಾಕಾರ ಮುಖ ನೋಡದೆ ಕೇಳಿದೆ. "ಶರಣಪ್ಪನವರದೂ ಕೊಟ್ರೇನ್ರಿ ಸರ್?"

"ಅವ್ರದು ತೆಗದೇ ನೋಡಿಲ್ಲ. ಮತ್ತ ರಜಾ ಕೇಳ್ಯಾರ ಅಂತ ಹಂಗೇ ಬಿಟ್ಟೀನಿ. ಈಗಂತೂ ಆಗಂಗಿಲ್ಲ ಅಂತ ಹೇಳ್ರಿ."

ಶ್ರೀಶೈಲಕ್ಕೆ ಹೋಗಲು ಕಾಕಾ ಎರಡು ವರ್ಷದಿಂದ ರಜೆ ಕೇಳುತ್ತಿದ್ದರು. ಅವರ ಹೆಸರು ಕಂಡರೆ ಸಾಹೇಬರ ಬೆರಳು ತಾನಾಗಿಯೇ ಮುಂದಿನ ಹೆಸರಿಗೆ ಸರಿಯುತ್ತಿತ್ತು. ವಿಷಯ ತಿಳಿಸಿದೆ. ಸಾಹೇಬರು ಅಲ್ಲೇ ಜೀಪಿನಲ್ಲಿ ಕೂತು ಮರಣವನ್ನು ನಾಮಂಜೂರು ಮಾಡಿದರು. ಯಂತ್ರ ಎಷ್ಟೇ ವೇಗವಾಗಿ ಓಡಲಿ, ನಡುವೆ ಎಲ್ಲೋ ಒಬ್ಬ ಆಲಸಿ ಮನುಷ್ಯ ಕೂತಿರಬೇಕೆಂದು ಅಂದಿನಿಂದ ನಂಬಿದ್ದೇನೆ.

ಮೊನ್ನೆ ಸಾಹೇಬರಿಗೆ ಕನಿಕರ ಬಂದು, ಆ ಹಳೆಯ ರಜೆ ಅರ್ಜಿಯನ್ನು ಮಂಜೂರು ಮಾಡಲು ಹೊರಟರು. ಕಾಕಾ ಎದ್ದು ನಿಂತು ಎರಡೂ ಕೈ ಮುಗಿದರು.

"ಬ್ಯಾಡ್ರಿ ಸಾಹೇಬ್ರ, ಅದು ಹಂಗೇ ಬಾಕಿ ಇರಲ್ರಿ. ನನ್ನ ಆಯುಷ್ಯ ಅದರಾಗೇ ಅದ."